ಹಳೇ ಗಿಟಾರಿಗೆ ಎಷ್ಟು ಕೊಡ್ತೀರಿ ಸ್ವಾಮಿ?

ಗೊರೂರು: ಹಾಸನಕ್ಕೆ ಹೊರಟ ಬೆಳಗಿನ ಬಸ್ಸಿನಲ್ಲಿ ಒಬ್ಬ ಹುಡುಗ ಗಿಟಾರು ತಬ್ಬಿಕೊಂಡು ನಿಂತಿದ್ದ. "ಎಲ್ಲಪ್ಪಾ ಇವತ್ತು ಕಛೇರಿ?" ಅಂತ ಕಂಡಕ್ಟರು ತಮಾಷೆ ಮಾಡಿದರು. "ಕಛೇರಿ ಅಲ್ಲಣ್ಣ, ಮಾರೋಕೆ" ಅಂದ ಹುಡುಗ. ಕಾಲೇಜು ಫೀಸಿಗೆ 1,500 ರೂಪಾಯಿ ಕಡಿಮೆ ಬಿದ್ದಿತ್ತಂತೆ. ಪಿ.ಯು.ಸಿ. ಅರ್ಧಕ್ಕೇ ಬಿಟ್ಟ ನನಗೆ ಆ ಸಂಕಟ ಬೇರೆಯವರು ಹೇಳಬೇಕಾಗಿಲ್ಲ.

ಸಂಜೆ ಬಸ್ಸಿನಲ್ಲೂ ಅದೇ ಹುಡುಗ, ಅದೇ ಗಿಟಾರು! ಅಂಗಡಿಯವರು 600 ಅಂದರಂತೆ. ಅಪ್ಪ ಕೊಟ್ಟಿದ್ದು 4,500. "ಹಳೇ ವೀಣೆಗೆ ಬೆಲೆ ಇರುತ್ತೆ, ಇದಕ್ಕೆ ಯಾಕಿಲ್ಲ ಅಂತ ಅಮ್ಮ ಕೇಳ್ತಾರೆ" ಅಂದ.

ಪ್ರಶ್ನೆ ಸರಿಯಾಗಿಯೇ ಇದೆ. ಪಕ್ಕದ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರು. ಅಲ್ಲಿ ಗುಡಿಯೇ ತಂಬೂರಿ ಆಕಾರದಲ್ಲಿದೆ. ವಾದ್ಯದ ಬೆಲೆ ಗೊತ್ತಿಲ್ಲದ ಸೀಮೆ ಇದಲ್ಲ. ಹಾಗಾಗಿ ಹಾಸನದ ಗಣಪತಿ ಪೆಂಡಾಲುಗಳಲ್ಲಿ ಗಿಟಾರ್ ನುಡಿಸುವ ಒಬ್ಬರ ಹತ್ತಿರ ಹುಡುಗನನ್ನು ಕರೆದುಕೊಂಡು ಹೋದೆ.

ಅವರು ಗಿಟಾರಿನ ಹೊಳಪು ನೋಡಲೇ ಇಲ್ಲ. ಮೊದಲು ನೋಡಿದ್ದು ನಡುವಿನ ರಂಧ್ರದ ಅಂಚು. ಮೇಲ್ಮೈಯ ಮರದ ಗೆರೆ ಅಂಚಿನಲ್ಲೂ ಹಾಗೇ ಇಳಿದಿದ್ದರೆ ಅದು ಅಖಂಡ ಹಲಗೆ. ಪದರ ಪದರ ಕಂಡರೆ ಪ್ಲೈವುಡ್. ವೀಣೆ ಹಲಸಿನ ಮರದ್ದು. ಅಖಂಡ ಮರ ಹಳತಾದಷ್ಟೂ ನಾದ ಕೂಡಿಕೊಳ್ಳುತ್ತೆ ಅಂತಾರೆ. ಪ್ಲೈವುಡ್ಡಿಗೆ ಆ ಭಾಗ್ಯವಿಲ್ಲ. ಹುಡುಗನದು ಪ್ಲೈವುಡ್. ಅಮ್ಮನ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು.

ನಮ್ಮ ಸಕಲೇಶಪುರದ ಕಡೆಯ ಬೀಟೆ ಮರಕ್ಕೆ ಗಿಟಾರಿನವರಲ್ಲಿ ಭಾರಿ ಮರ್ಯಾದೆ. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್ ಬೀಟೆ ಬಿಟ್ಟು ಭಾರತದ ಬೀಟೆಗೆ ಬಂತು. ಆದರೆ ಬೀಟೆಯ ಬಣ್ಣ ಬಳಿದದ್ದೆಲ್ಲ ಬೀಟೆಯಲ್ಲ, ಜೋಕೆ!

ಎರಡನೆಯದು ಕುತ್ತಿಗೆ. ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕುತ್ತಿಗೆ ಒಡಲಿಗೆ ಸೇರುವಲ್ಲೂ ಒತ್ತಿ ಹಿಡಿಯಬೇಕು. ನಡುವೆ ಕೂದಲೆಳೆಯ ಸಂದಿದ್ದರೆ ಚಿಂತೆಯಿಲ್ಲ. ಜಾಸ್ತಿ ಇದ್ದರೆ ಕುತ್ತಿಗೆ ಬಾಗಿದೆ. ಒಳಗೆ ಕಬ್ಬಿಣದ ಸರಳಿದ್ದರೆ ತಿರುಗಿಸಿ ಸರಿಮಾಡಬಹುದು, ತಿರುಚಿಕೊಂಡಿದ್ದರೆ ಕಷ್ಟ. ಹುಡುಗನ ಗಿಟಾರಿನ ಕುತ್ತಿಗೆ ನೆಟ್ಟಗಿತ್ತು.

ಮೂರನೆಯದು ತಂತಿ ಕೂರುವ ಬ್ರಿಡ್ಜು. ಅದರ ಹಿಂದೆ ತೆಳು ಕಾಗದ ತೂರಿಸಿದರು. ಒಳಗೆ ಹೋಯಿತು! ಗೋಂದು ಬಿಟ್ಟಿದೆ ಅಂತ ಅರ್ಥ. ಶೀಟಿನ ಮನೆಯ ಬಿಸಿಗೆ ಹೀಗಾಗುವುದುಂಟು.

ಆಮೇಲೆ ಲೆಕ್ಕ. ಅಪ್ಪ ಆಗ ಎಷ್ಟು ಕೊಟ್ಟರು ಅನ್ನೋದು ಬೇಡ. ಅಂಥದ್ದೇ ಹೊಸದು ಇವತ್ತು ಎಷ್ಟು? 5,000. ಸುಸ್ಥಿತಿಯಲ್ಲಿದ್ದರೆ ಸುಮಾರು ಅರ್ಧ, 2,500. ಬ್ರಿಡ್ಜು ಅಂಟಿಸಲು 500, ಹೊಸ ತಂತಿಗೆ 300 ಕಳೆಯಿರಿ. ಉಳಿದದ್ದು 1,700. ನೇರವಾಗಿ ನುಡಿಸುವವರಿಗೇ ಮಾರಿದರೆ ಇದು ನ್ಯಾಯದ ಬೆಲೆ.

ಹಾಗಾದರೆ ಅಂಗಡಿಯವರು ಮೋಸ ಮಾಡಿದರೇ? ಪೂರ್ತಿ ಹಾಗನ್ನಲಾಗದು. ಅವರು ರಿಪೇರಿ ಮಾಡಿಸಬೇಕು, ಗಿರಾಕಿ ಬರುವವರೆಗೆ ಬಂಡವಾಳ ಹೂಡಿ ಕೂರಬೇಕು, ಬಾಡಿಗೆ ಕಟ್ಟಬೇಕು. ಅವರು 1,000 ಅಂದಿದ್ದರೆ ಒಪ್ಪಬಹುದಿತ್ತು. 600 ಮಾತ್ರ ಹುಡುಗನ ಮುಖದಲ್ಲಿದ್ದ ಅವಸರ ನೋಡಿ ಹೇಳಿದ ಬೆಲೆ. ಅವಸರ ಮುಖದಲ್ಲಿ ಕಂಡರೆ ಹಸುವಿಗೂ ಅದೇ ಗತಿ, ಗಿಟಾರಿಗೂ ಅದೇ ಗತಿ.

ಕೊನೆಗೆ ಹಾಸ್ಟೆಲಿನ ವಿದ್ಯಾರ್ಥಿಯೊಬ್ಬ ತಗೊಂಡ. ಬ್ರಿಡ್ಜಿನ ಊನ ಹುಡುಗ ತಾನೇ ಬಾಯಿಬಿಟ್ಟು ಹೇಳಿದ. ಚೌಕಾಸಿ ನಡೆದು 1,600ಕ್ಕೆ ಕುದುರಿತು. ಫೀಸು ಕಟ್ಟಿ ಆಯಿತು, ಬಸ್ ಚಾರ್ಜಿಗೆ 100 ಉಳಿಯಿತು.

ಸಂಜೆ ಬಸ್ಸಿನಲ್ಲಿ ಹುಡುಗ ಬರಿಗೈಲಿ ಕೂತಿದ್ದ. ಗೊರೂರು ಬರುವವರೆಗೂ ಬೆರಳು ಮಾತ್ರ ಮುಂದಿನ ಸೀಟಿನ ಕಂಬಿ ಮೇಲೆ ಆಡುತ್ತಲೇ ಇತ್ತು. ಇಳಿಯುವಾಗ, "ಮತ್ತೆ ಕೊಳ್ಳೋವಾಗ ಮೊದಲು ರಂಧ್ರದ ಅಂಚು ನೋಡ್ತೀನಣ್ಣ" ಅಂದ.