ಬ್ರಶ್ ಓಡುತ್ತೆ, ಬಣ್ಣ ಮಾತ್ರ ಹತ್ತೋದಿಲ್ಲ!

ಈ ಸಂಚಿಕೆ ಹುಟ್ಟಿದ್ದು ಲಂಡನ್ನಿನ ಕ್ರಾಯ್ಡನ್‌ನಲ್ಲಿರೋ ಒಂದು ಕನ್ನಡ ಮನೆಯ ಅಡುಗೆಮನೆ ಮೇಜಿನ ಮೇಲೆ. ರಾಜ್ಯೋತ್ಸವಕ್ಕೆ ಪೋಸ್ಟರ್ ಮಾಡೋಕೆ ಕೂತಿದ್ದ ಕಾಲೇಜು ಹುಡುಗಿ ಲ್ಯಾಪ್‌ಟಾಪನ್ನ ನಮ್ಮ ಕಡೆ ತಿರುಗಿಸಿ, "ಆಂಟಿ, ಅಂಕಲ್, ಇದು ಕೆಟ್ಟುಹೋಗಿದೆ" ಅಂದಳು. ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್‌ನಲ್ಲಿ ಅನಾವರಣವಾದ ಬಸವಣ್ಣನವರ ಪ್ರತಿಮೆ ಇದೆಯಲ್ಲ, ಅದರ ಫೋಟೋವನ್ನ ಅವಳು ಗಿಂಪ್‌ನಲ್ಲಿ ತೆರೆದಿದ್ದಳು. ಗಿಂಪ್ ಉಚಿತ ತಂತ್ರಾಂಶ, 1996ರಿಂದ ಸಾರ್ವಜನಿಕರ ಕೈಯಲ್ಲಿದೆ. ಬ್ರಶ್ ಹಿಡಿದು ಎಷ್ಟು ತಿಕ್ಕಿದರೂ ಒಂದು ಚುಕ್ಕೆ ಬಣ್ಣವೂ ಮೂಡ್ತಾ ಇರಲಿಲ್ಲ.

ಏನೂ ಕೆಟ್ಟಿರಲಿಲ್ಲ. ಚಿತ್ರದ ಒಂದು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಜಾಗ ಅವಳಿಗೆ ಗೊತ್ತಿಲ್ಲದೆ ಸೆಲೆಕ್ಟ್ ಆಗಿತ್ತು. ಸೆಲೆಕ್ಷನ್ ಅಂದರೆ ಬೇಲಿ ಇದ್ದ ಹಾಗೆ, ಬೇಲಿಯ ಒಳಗೆ ಮಾತ್ರ ಕೆಲಸ ನಡೆಯುತ್ತೆ. ಗಿಂಪ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎ ಮೂರನ್ನೂ ಒಟ್ಟಿಗೆ ಒತ್ತಿ, ಫೋಟೋಶಾಪ್‌ನಲ್ಲಾದರೆ ಕಂಟ್ರೋಲ್ ಮತ್ತು ಡಿ. ಬೇಲಿ ಹೋಯಿತು. ಅದಕ್ಕೂ ಬಗ್ಗದಿದ್ದರೆ ಲೇಯರ್ ಪಟ್ಟಿ ನೋಡಿ. ಗಾಜಿನ ಹಾಳೆಗಳನ್ನ ಒಂದರ ಮೇಲೊಂದು ಇಟ್ಟ ಹಾಗೆ ಲೇಯರ್‌ಗಳು ಕೂತಿರುತ್ತವೆ. ನೀವು ಕೆಳಗಿನ ಹಾಳೆಗೆ ಬಣ್ಣ ಹಚ್ಚುತ್ತಾ ಇರ್ತೀರಿ, ಮೇಲಿನ ಹಾಳೆ ಅದನ್ನ ಮುಚ್ಚಿರುತ್ತೆ. ನಮಗೆ ಬರುವ ದೂರುಗಳಲ್ಲಿ ಹೆಚ್ಚಿನವು ಈ ಎರಡರಲ್ಲೇ ಮುಗಿದುಹೋಗುತ್ತವೆ.

ಹಿನ್ನೆಲೆ ತೆಗೆಯೋಕೆ ಎರೇಸರ್ ಹಿಡಿದರೆ ಪಾರದರ್ಶಕ ಆಗೋ ಬದಲು ಬಿಳಿ ಬಣ್ಣ ಬರುತ್ತೆ ಅನ್ನೋದು ಇನ್ನೊಂದು ದೂರು. ಫೋನಿನ ಜೆಪೆಗ್ ಫೋಟೋದಲ್ಲಿ ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಅಂತ ಮೂರೇ ಸಂಖ್ಯೆ. ಎಷ್ಟು ಪಾರದರ್ಶಕ ಅಂತ ಹೇಳುವ ನಾಲ್ಕನೇ ಸಂಖ್ಯೆ, ಅಂದರೆ ಆಲ್ಫಾ, ಅದರಲ್ಲಿ ಇರೋದೇ ಇಲ್ಲ. ಲೇಯರ್ ಮೆನುವಿನ ಟ್ರಾನ್ಸ್‌ಪರೆನ್ಸಿಯಲ್ಲಿ 'ಆ್ಯಡ್ ಆಲ್ಫಾ ಚಾನೆಲ್' ಒತ್ತಿ, ಮುಗಿದ ಮೇಲೆ ಪಿಎನ್‌ಜಿ ಆಗಿ ಎಕ್ಸ್‌ಪೋರ್ಟ್ ಮಾಡಿ. ಜೆಪೆಗ್ ಮಾಡಿದಿರೋ, ಬಿಳಿ ಮತ್ತೆ ವಕ್ಕರಿಸುತ್ತೆ.

ಚಾನೆಲ್ ಪಟ್ಟಿಯಲ್ಲೂ ಒಂದು ಗುಂಡಿ ಇದೆ, ಹುಷಾರು. ಅಲ್ಲಿ ಕೈತಪ್ಪಿ ಕೆಂಪಿನ ಮೇಲೆ ಒತ್ತಿದರೆ ಅದು ನಿಷ್ಕ್ರಿಯವಾಗುತ್ತೆ. ಆಮೇಲೆ ನೀವು ಹಚ್ಚಿದ ಬಣ್ಣ ಹಸಿರು, ನೀಲಿಗೆ ಮಾತ್ರ ತಾಗುತ್ತೆ, ಬಣ್ಣಗಳೆಲ್ಲ ವಿಚಿತ್ರ. ಈ ಮೂರು ಚಾನೆಲ್‌ಗಳ ಕಥೆಯೂ ಲಂಡನ್ನಿನದ್ದೇ. 1861ರ ಮೇ ತಿಂಗಳಲ್ಲಿ ಆಲ್ಬೆಮಾರ್ಲ್ ಬೀದಿಯ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಒಂದು ಟಾರ್ಟನ್ ರಿಬ್ಬನ್‌ನ ಚಿತ್ರ ತೋರಿಸಿದರು. ಆಗ ಅವರು ಕಿಂಗ್ಸ್ ಕಾಲೇಜಿನ ಪ್ರೊಫೆಸರ್. ಥಾಮಸ್ ಸಟ್ಟನ್ ಅದೇ ರಿಬ್ಬನ್ನನ್ನ ಕೆಂಪು, ಹಸಿರು, ನೀಲಿ ಶೋಧಕಗಳ ಮೂಲಕ ಬೇರೆಬೇರೆಯಾಗಿ ಫೋಟೋ ತೆಗೆದಿದ್ದರು. ಮೂರು ಕಪ್ಪು ಬಿಳುಪು ಚಿತ್ರಗಳನ್ನ ಅದೇ ಬಣ್ಣದ ಬೆಳಕಿನಲ್ಲಿ ಪರದೆ ಮೇಲೆ ಒಂದರ ಮೇಲೊಂದು ಬೀಳಿಸಿದಾಗ ಬಣ್ಣದ ರಿಬ್ಬನ್ ಕಾಣಿಸಿತು. ನಿಮ್ಮ ಚಾನೆಲ್ ಪಟ್ಟಿಯಲ್ಲಿರೋದೂ ಅವೇ ಮೂರು ಚಿತ್ರಗಳು.

ಈಗ ನಮ್ಮ ಹುಡುಗಿಯ ಪೋಸ್ಟರ್‌ಗೆ ವಾಪಸ್ ಬರೋಣ. ಹಿಂದಿನ ಮೋಡದ ಆಕಾಶ ಬರೀ ಬಿಳಿ ಹಾಳೆಯಾಗಿತ್ತು. "ಸ್ವಲ್ಪ ಕತ್ತಲು ಮಾಡಿದರೆ ಮೋಡ ಬರುತ್ತಾ?" ಬರೋದಿಲ್ಲ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 0ಯಿಂದ 255ರವರೆಗೆ ಮಟ್ಟಗಳು. ಮೋಡವೂ 255, ಮೋಡದ ಅಂಚೂ 255 ಅಂತ ದಾಖಲಾದ ಮೇಲೆ ಅವೆರಡರ ವ್ಯತ್ಯಾಸ ಫೈಲಿನಲ್ಲಿ ಎಲ್ಲೂ ಇರೋದಿಲ್ಲ, ಕತ್ತಲು ಮಾಡಿದರೆ ಬಿಳಿ ಹೋಗಿ ಬೂದಿ ಬಣ್ಣವಾಗುತ್ತೆ ಅಷ್ಟೇ. ಫೋನಿನಲ್ಲಿ ಕ್ಲಿಕ್ ಮಾಡೋ ಮೊದಲು ಆಕಾಶದ ಮೇಲೆ ಬೆರಳಿಟ್ಟು ಬೆಳಕು ಇಳಿಸಿಕೊಳ್ಳಿ. ಕತ್ತಲಾದ ಪ್ರತಿಮೆಯನ್ನ ಆಮೇಲೆ ಸಾಕಷ್ಟು ಮಟ್ಟಿಗೆ ಎತ್ತಬಹುದು.

ಇನ್ನು ಅಕ್ಷರ. ಊರಿಂದ ಮಾವ ಕಳಿಸಿದ ಕನ್ನಡ ಸಾಲುಗಳನ್ನ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಅದು ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿರುತ್ತೆ, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ ಬೀಳುತ್ತೆ. ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಯೂನಿಕೋಡ್ ಇದ್ದೂ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ನಿಂತರೆ, ಅದು ಹಳೇ ಫೋಟೋಶಾಪ್ ಆವೃತ್ತಿಗಳ ರೋಗ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಆಯ್ಕೆ ಇದ್ದರೆ ಅದನ್ನ ಆರಿಸಿ.

ಇಷ್ಟೆಲ್ಲ ಆದಮೇಲೂ ನಮಗೆ ನಿಜವಾಗಿ ಹೆದರಿಕೆ ಹುಟ್ಟಿಸೋದು ಸೇವ್ ಗುಂಡಿ. ಜೆಪೆಗ್ ಚಿತ್ರವನ್ನ ಎಂಟು ಬೈ ಎಂಟರ, ಅಂದರೆ 64 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ಅಲೆಗಳ ಮೊತ್ತವಾಗಿ ಬರೆದುಕೊಳ್ಳುತ್ತೆ. ನಮ್ಮ ಕಣ್ಣು ಅಷ್ಟಾಗಿ ಗಮನಿಸದ ಸಣ್ಣ ಅಲೆಗಳನ್ನ ಒರಟಾಗಿ ಅಂದಾಜು ಮಾಡಿ ಬಿಡುತ್ತೆ. ಈ ಲೆಕ್ಕದ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಇದನ್ನ ಹೊಳೆಸಿಕೊಂಡ ನಾಸಿರ್ ಅಹ್ಮದ್ ಬೆಂಗಳೂರಲ್ಲಿ ಹುಟ್ಟಿದವರು, ನಮ್ಮ ಯುವಿಸಿಇಯಲ್ಲಿ ಎಂಜಿನಿಯರಿಂಗ್ ಓದಿದವರು! ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅವರು ಹಣ ಕೇಳಿದಾಗ, ವಿಚಾರ ತೀರಾ ಸರಳವಾಯಿತು ಅನ್ನೋ ಟಿಪ್ಪಣಿಯೂ ಬಂತಂತೆ, ಹಣ ಬರಲಿಲ್ಲ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ 1974ರಲ್ಲಿ ಪ್ರಕಟಿಸಿದರು. ಇವತ್ತು ನಿಮ್ಮ ಫೋನಿನಲ್ಲಿರೋ ಪ್ರತಿ ಜೆಪೆಗ್ ಫೋಟೋದಲ್ಲೂ ಆ ಲೆಕ್ಕ ಇದೆ.

ಆದರೆ ತಿದ್ದಿ, ಸೇವ್ ಮಾಡಿ, ಮತ್ತೆ ತೆರೆದು ತಿದ್ದಿದರೆ ಪ್ರತಿ ಸಲವೂ ಅಂದಾಜಿನ ಮೇಲೆ ಅಂದಾಜು. ಅದಕ್ಕೇ ಗಿಂಪ್‌ನಲ್ಲಿ 'ಸೇವ್' ಅಂದರೆ ಅದರದ್ದೇ ಆದ ಎಕ್ಸ್‌ಸಿಎಫ್ ಫೈಲು, ಲೇಯರ್ ಸಮೇತ. ಜೆಪೆಗ್ ಬೇಕಾದರೆ 'ಎಕ್ಸ್‌ಪೋರ್ಟ್'. ಅದೇ ಮೆನುವಿನಲ್ಲಿ 'ಓವರ್‌ರೈಟ್' ಅಂತ ಇನ್ನೊಂದಿದೆ. ನಾವು ಬಿದ್ದಿದ್ದು ಅಲ್ಲೇ.

ಸಾಗರದ ಮನೆಯಲ್ಲಿ ನಮ್ಮ ಅಜ್ಜನ ಒಂದೇ ಒಂದು ಫೋಟೋ ಇತ್ತು. ಅದನ್ನ ಸ್ಕ್ಯಾನ್ ಮಾಡಿಕೊಂಡು ಲಂಡನ್ನಿಗೆ ತಂದಿದ್ದೆವು. ಕುಟುಂಬದ ಗ್ರೂಪಿಗೆ ಹಾಕೋಕೆ 800 ಬೈ 600ಕ್ಕೆ ಚಿಕ್ಕದು ಮಾಡಿ, ಓವರ್‌ರೈಟ್ ಒತ್ತಿ, ತಂತ್ರಾಂಶ ಮುಚ್ಚಿಬಿಟ್ಟೆವು. ತೆರೆದೇ ಇದ್ದಿದ್ದರೆ ಅನ್‌ಡೂ ಸಾಕಿತ್ತು. ಒಳ್ಳೇ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಬೇಕು ಅಂತಿಟ್ಟುಕೊಂಡರೆ 800 ಪಿಕ್ಸೆಲ್‌ಗೆ ಸಿಗೋದು ಎರಡು ಮುಕ್ಕಾಲು ಇಂಚಿಗೂ ಕಡಿಮೆ. ಊರಿಗೆ ಫೋನ್ ಮಾಡಿದರೆ ಅತ್ತೆ ಹೇಳಿದರು, "ಮಳೆಗಾಲದ ತೇವಕ್ಕೆ ಫೋಟೋ ಗಾಜಿಗೇ ಅಂಟಿಕೊಂಡಿದೆ ಕಣ್ರೋ, ಬಿಡಿಸೋಕೆ ಹೋದ್ರೆ ಮುಖಾನೇ ಕಿತ್ಕೊಂಡು ಬರುತ್ತೆ."

ಕ್ಲೌಡ್‌ನಲ್ಲಿ ಹಳೇ ಆವೃತ್ತಿ ಹುಡುಕಿದೆವು, ಅದರ ಅವಧಿ ಮುಗಿದಿತ್ತು. ವಾಟ್ಸ್‌ಆ್ಯಪ್‌ನಲ್ಲಿ ಇದ್ದದ್ದು ಅದೇ ಚಿಕ್ಕ ಚಿತ್ರ. ಕೊನೆಗೆ, ಸ್ಕ್ಯಾನ್ ಮಾಡಿದ ದಿನವೇ ಚಿಕ್ಕಪ್ಪನಿಗೆ ಇಮೇಲ್‌ನಲ್ಲಿ ಲಗತ್ತಿಸಿ ಕಳಿಸಿದ್ದು ನೆನಪಾಯಿತು. ಅವರು ಅದನ್ನ ತೆರೆದೂ ನೋಡಿರಲಿಲ್ಲ, ಅಳಿಸಿಯೂ ಇರಲಿಲ್ಲ. ಪೂರ್ತಿ ಗಾತ್ರದ ಸ್ಕ್ಯಾನ್ ಹಾಗೇ ಕೂತಿತ್ತು, ಅಜ್ಜನ ಕೋಟಿನ ಗುಂಡಿಯ ದಾರ ಕಾಣುವಷ್ಟು ಸ್ಪಷ್ಟವಾಗಿ.