ಗೋದಿಯ ಬೆಳೆಗೆ ಕಳೆನಾಶಕವನ್ನು ಸಿಂಪಡಿಸತಕ್ಕ ಕಾಲ

ಕಳೆ ಕೀಳಲು ಆಳುಗಳು ದೊರೆಯುವುದು ದುರ್ಲಭವಾಗಿರುವುದರಿಂದ ಧಾರವಾಡ, ಬೆಳಗಾವಿ, ವಿಜಯಪುರ ಮುಂತಾದ ಜಿಲ್ಲೆಗಳ ನೀರಾವರಿ ಗೋದಿಗೆ ಕಳೆನಾಶಕವನ್ನು ಬಳಸುವ ಜಮೀನುದಾರರುಂಟು. ಔಷಧದ ಪ್ರಮಾಣವನ್ನು ಎಲ್ಲರೂ ವಿಚಾರಿಸುತ್ತಾರೆ. ಸಿಂಪಡಿಸತಕ್ಕ ದಿನವನ್ನೂ ಹೊತ್ತನ್ನೂ ವಿಚಾರಿಸುವವರು ವಿರಳ. ಆದರೆ ಒಂದೇ ಔಷಧವು ಸಕಾಲದಲ್ಲಿ ಕಳೆಯನ್ನು ಕೊಲ್ಲುವುದು; ಅಕಾಲದಲ್ಲಿ ಗೋದಿಯನ್ನೇ ಕೆಡಿಸುವುದು; ಗಾಳಿ ಬೀಸುವ ದಿನ ನೆರೆಯವರ ಬೆಳೆಯನ್ನು ಹಾಳುಮಾಡುವುದು.

ಚಕ್ಕೋತ, ಕಾಂಗ್ರೆಸ್ ಕಸ ಮೊದಲಾದ ಅಗಲ ಎಲೆಯ ಕಳೆಗಳಿಗೆ 2,4-ಡಿ ಎಂಬುದು ಬಳಕೆಯಲ್ಲಿದೆ. 1940ರ ದಶಕದಲ್ಲಿ ಕಂಡುಹಿಡಿಯಲ್ಪಟ್ಟ ಈ ವಸ್ತುವು ಸಸ್ಯದ ಬೆಳವಣಿಗೆಯನ್ನು ನಡೆಸುವ ರಸವನ್ನು ಹೋಲುವುದಾಗಿ, ಇದನ್ನು ಹೀರಿದ ಕಳೆಯು ಕ್ರಮತಪ್ಪಿ ಬೆಳೆದು ತಿರುಚಿಕೊಂಡು ಸಾಯುತ್ತದೆ. ಹುಲ್ಲಿನ ಜಾತಿಯದಾದ ಗೋದಿಯು ಇದನ್ನು ತಾಳಬಲ್ಲುದು; ಆದರೆ ಎಲ್ಲ ವಯಸ್ಸಿನಲ್ಲಿಯೂ ಅಲ್ಲ. ಎಳೆಯ ಪೈರಿನ ಬುಡದೊಳಗೆ ತೆನೆಯು ಕಣ್ಣಿಗೆ ಕಾಣದಂತೆ ರೂಪುಗೊಳ್ಳುತ್ತಿರುವಾಗ ಸಿಂಪಡಿಸಿದರೆ ಎಲೆಗಳು ಈರುಳ್ಳಿಯ ಎಲೆಯಂತೆ ಸುರುಳಿಗಟ್ಟಿ, ಮುಂದೆ ತೆನೆಯು ಸೊಟ್ಟಾಗಿ ಹೊರಡುತ್ತದೆ. ಕಾಂಡವು ಗಣ್ಣುಬಿಟ್ಟು ಏಳತೊಡಗಿದ ಮೇಲೆ ಸಿಂಪಡಿಸಿದರೆ ಕಾಳು ಕಟ್ಟುವುದು ಕಡಿಮೆಯಾಗುತ್ತದೆ. ಆದ್ದರಿಂದ ಬಿತ್ತಿದ 30ರಿಂದ 35 ದಿನಗಳ ಅವಧಿಯೇ ಯೋಗ್ಯವಾದುದು. ಹೊತ್ತು ಮೀರಿ ಬಿತ್ತಿದ ಹೊಲದಲ್ಲಿ ದಿನದ ಲೆಕ್ಕವನ್ನೊಂದೇ ನಂಬಲಾಗದು. ಪೈರನ್ನು ಕಿತ್ತು ಬುಡವನ್ನು ಹಿಸುಕಿ ನೋಡಿ, ಮೊದಲನೆಯ ಗಣ್ಣು ಬೆರಳಿಗೆ ಸಿಕ್ಕಿದರೆ ಕಾಲ ಮೀರಿತೆಂದು ತಿಳಿದು ಕೈಯಿಂದ ಕಳೆ ಕೀಳಿಸುವುದೇ ಲೇಸು.

ಪ್ರಮಾಣವು, ಶೇಕಡಾ 80ರ ಸೋಡಿಯಂ ಲವಣವಾದರೆ, ಎಕರೆಗೆ 250 ಗ್ರಾಂ. ನೀರು 200 ಲೀಟರು. ಹುಲ್ಲಿನ ಜಾತಿಯ ಕಳೆಗಳಿಗೆ ಇದು ನಾಟದು. ಅವುಗಳಿಗಾಗಿ ಇರುವ ಕ್ಲೋಡಿನಾಫಾಪ್ ಔಷಧವನ್ನು ಇದರೊಡನೆ ಬೆರಸದೆ, ಒಂದು ವಾರದ ಅಂತರದಿಂದ ಬೇರೆಯಾಗಿ ಸಿಂಪಡಿಸತಕ್ಕದ್ದು.

ಇನ್ನು ಹವೆಯ ವಿಚಾರ. ನೆಲ ಒಣಗಿ ಬಾಡಿರುವ ಕಳೆಯು ಔಷಧವನ್ನು ಹೀರಲಾರದು. 21ನೆಯ ದಿನದ ಸುಮಾರಿಗೆ ನೀರು ಹಾಯಿಸಿ, ನೆಲವು ಕಾಲು ಊರುವಷ್ಟು ಆರಿದ ಮೇಲೆ, ಕಳೆಯು ಎರಡರಿಂದ ನಾಲ್ಕು ಎಲೆಗಳಿಂದ ಚಿಗುರಿ ನಿಂತಿರುವಾಗ ಸಿಂಪಡಿಸಿದರೆ ಫಲ ಹೆಚ್ಚು. ಇಬ್ಬನಿ ಆರುವ ಮೊದಲು ಸಿಂಪಡಿಸಿದರೆ ದ್ರಾವಣವು ಎಲೆಯಿಂದ ಜಾರಿ ಹೋಗುವುದು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೋಡ ಕವಿದಿರುವ ದಿನಗಳಲ್ಲಿ ಒಂದೆರಡು ದಿನ ಕಾಯುವುದರಿಂದ ನಷ್ಟವಿಲ್ಲ. ಸಿಂಪಡಿಸಿದ ಕೆಲವೇ ಗಂಟೆಗಳೊಳಗೆ ಮಳೆ ಬಂದರೆ ಔಷಧವೂ ಕೂಲಿಯೂ ವ್ಯರ್ಥ.

ಗಾಳಿಯಲ್ಲಿ ಎಲೆಗಳು ಮೆಲ್ಲಗೆ ಅಲುಗುತ್ತಿದ್ದರೆ ಚಿಂತೆಯಿಲ್ಲ. ಟೊಂಗೆಗಳು ತೂಗಾಡುತ್ತಿದ್ದರೆ ಕೆಲಸ ನಿಲ್ಲಿಸತಕ್ಕದ್ದು. ಗಾಳಿಯೇ ಇಲ್ಲದ ಸಂಜೆಯು ಪ್ರಶಸ್ತವೆಂದು ಅನೇಕರ ನಂಬಿಕೆ. ಇದು ಸರಿಯಲ್ಲ. ಸೂರ್ಯಾಸ್ತದ ವೇಳೆಗೆ ನೆಲದ ಮೇಲಣ ತಂಪು ಗಾಳಿಯು ಮೇಲೇರದೆ ನಿಲ್ಲುವುದರಿಂದ ಸಣ್ಣ ಹನಿಗಳು ಅದರಲ್ಲಿಯೇ ತೇಲುತ್ತಾ ದೂರದ ಹೊಲಗಳಿಗೆ ಹರಿದು ಹೋಗುತ್ತವೆ. ಬಿಸಿಲು ಏರಿ ಇಬ್ಬನಿ ಆರಿದ ಮೇಲಿನ ಎರಡು ಮೂರು ಗಂಟೆಗಳೇ ಉತ್ತಮ.

ಗ್ರಾಮದ ಮುಖ್ಯಸ್ಥರು ಇದನ್ನು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು. ಏಕೆಂದರೆ ಇದರಿಂದ ಹುಟ್ಟುವ ಜಗಳವು ಬರುವುದು ಅವರ ಕಟ್ಟೆಗೇ. ಹತ್ತಿ, ಕಡಲೆ, ತೊಗರಿ, ದ್ರಾಕ್ಷಿ ಇವು 2,4-ಡಿಯ ಸೋಂಕನ್ನೇ ತಾಳಲಾರವು. ಅಕ್ಟೋಬರಿನಲ್ಲಿ ಚಾಟಣಿ ಮಾಡಿದ ದ್ರಾಕ್ಷಿಯು ಎಳೆಯ ಗೊನೆ ಹೊತ್ತಿರುವ ಸಮಯವೂ ಗೋದಿಗೆ ಸಿಂಪಡಿಸುವ ಸಮಯವೂ ಒಂದೇ. ಎಸ್ಟರ್ ರೂಪದ ಔಷಧವು ಸಿಂಪಡಿಸಿದ ಮೇಲೂ ಆವಿಯಾಗಿ ಹಬ್ಬುವುದರಿಂದ ಇಂತಹ ತೋಟಗಳ ಸಮೀಪದಲ್ಲಿ ಅದನ್ನು ಬಳಸಲೇ ಕೂಡದೆಂದು ನನ್ನ ಅಭಿಪ್ರಾಯ. ಚಳಿಗಾಲದ ಗಾಳಿಯು ಬಹುಮಟ್ಟಿಗೆ ಮೂಡಣದಿಂದ ಬೀಸುವುದರಿಂದ ಪಡುವಣ ಮಗ್ಗುಲಿನ ಹೊಲದವರಿಗೆ ಹಿಂದಿನ ದಿನವೇ ತಿಳಿಸಿ, ಆ ಅಂಚಿನ ಕೆಲವು ಸಾಲುಗಳನ್ನು ಸಿಂಪಡಿಸದೆ ಬಿಡತಕ್ಕದ್ದು. ಗೋದಿಯಲ್ಲಿ ಕಡಲೆ ಅಥವಾ ಕುಸುಬೆಯ ಅಕ್ಕಡಿ ಸಾಲುಗಳಿದ್ದರೆ ಈ ಔಷಧದ ಮಾತೇ ಬೇಡ.

ಕಳೆನಾಶಕಕ್ಕೆ ಬಳಸಿದ ಪಂಪನ್ನು ಎಷ್ಟು ತೊಳೆದರೂ ಅಂಶವು ಉಳಿಯಬಹುದಾದುದರಿಂದ, ಅದನ್ನು ಗುರುತು ಮಾಡಿ ಪ್ರತ್ಯೇಕವಾಗಿಡುವುದು; ಹತ್ತಿಗೆ ಕೀಟದ ಔಷಧ ಹೊಡೆಯಲು ಅದನ್ನು ಎರವಲು ಕೊಡಕೂಡದು.