ಬಾನುಲಿಯ ಪಿಟೀಲಿಗೊಬ್ಬ ಯಜಮಾನ

ಯಲಹಂಕ ದಾಟಿ ದೊಡ್ಡಬಳ್ಳಾಪುರದ ಕಡೆ ಹೊರಟರೆ ಆಕಾಶವಾಣಿಯ ಪ್ರಸಾರ ಕೇಂದ್ರದ ಆ್ಯಂಟೆನಾ ಕಂಬಗಳು ಸಿಗುತ್ತವೆ. ವಾಯುನೆಲೆ ಹತ್ತಿರವೇ ಇರುವುದರಿಂದ ಇವೂ ಮಿಲಿಟರಿಯವರದ್ದೇ ಇರಬೇಕು ಎಂದುಕೊಂಡು ಹೋಗುವವರು ಬಹಳ. ತೊಂಬತ್ತರ ದಶಕದಲ್ಲಿ ಇಲ್ಲಿ 500 ಕಿಲೋವ್ಯಾಟ್ ಸಾಮರ್ಥ್ಯದ ಶಾರ್ಟ್‌ವೇವ್ ಟ್ರಾನ್ಸ್‌ಮಿಟರುಗಳು ಬಂದವು. ಬೆಂಗಳೂರಿನ ಪೇಟೆಯಲ್ಲಿ ಕೇಳಿಸುವ 612 ಕಿಲೋಹರ್ಟ್ಸ್‌ನ ಮೀಡಿಯಂ ವೇವ್‌ಗೆ 200 ಕಿಲೋವ್ಯಾಟ್ ಸಾಕಾಗಿತ್ತು. ಶಾರ್ಟ್‌ವೇವ್‌ನವು ಕಡಲಾಚೆಯ ಕೇಳುಗರಿಗೆಂದು ಹಾಕಿದವು. ದೂರದೂರದ ದೇಶಗಳ ರೇಡಿಯೋ ಹುಚ್ಚರು ರಾತ್ರಿಯೆಲ್ಲ ಗುಂಡಿ ತಿರುಗಿಸುತ್ತ ಕೂತು, ಗೊರಗೊರ ಸದ್ದಿನ ನಡುವೆ ನಮ್ಮ ಕೇಂದ್ರವನ್ನು ಹಿಡಿದು, ಹೀಗೆ ಕೇಳಿಸಿತು ಎಂದು ವರದಿ ಬರೆದು, ಅದಕ್ಕೆ ಉತ್ತರವಾಗಿ ಬರುವ ಕಾರ್ಡನ್ನು ಆಲ್ಬಮ್ಮಿನಲ್ಲಿ ಅಂಟಿಸಿಟ್ಟುಕೊಳ್ಳುತ್ತಿದ್ದರು. ಇದು ಆಕಾಶವಾಣಿ ಎಂದು ಅವರಿಗೆ ಗುರುತು ಸಿಗುತ್ತಿದ್ದುದು ಮಾತಿನಿಂದಲ್ಲ, ಮಾತು ಶುರುವಾಗುವ ಮೊದಲು ಬರುತ್ತಿದ್ದ ಆ ಪಿಟೀಲಿನಿಂದ.

ಯಾವ ಪಿಟೀಲು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕೆಳಗೆ ತಂಬೂರಿಯ ಶ್ರುತಿ, ಮೇಲೆ ಏರಿ ಇಳಿಯುವ ಕೆಲವೇ ಸ್ವರಗಳು. ಬೆಳಗ್ಗೆ ಆರಕ್ಕೆ ಐದು ನಿಮಿಷವಿದೆ ಎನ್ನುವಾಗ ಅದು ಮನೆಮನೆಯಲ್ಲೂ ಕೇಳುತ್ತಿತ್ತು. ರಾಗ ಶಿವರಂಜಿನಿ ಎಂಬುದು ರೂಢಿಯ ಮಾತು. ಅದನ್ನು ಕೂಡಿಸಿದವನು ವಾಲ್ಟರ್ ಕೌಫ್‌ಮನ್ ಎಂಬ ಸಂಗೀತಗಾರ, ಸುಮಾರು 1936ರಲ್ಲಿ. ಠಾಕೂರ್ ಬಲವಂತ್ ಸಿಂಗ್ ಅವರ ಹೆಸರು ಹೇಳುವವರೂ ಇದ್ದಾರೆ. ಆದರೂ ಹೆಚ್ಚಿನವರು ಒಪ್ಪುವುದು ಕೌಫ್‌ಮನ್ನನ ಹೆಸರನ್ನೇ. ಪಿಟೀಲು ನುಡಿಸಿದವರು ಮೆಹ್ಲಿ ಮೆಹ್ತಾ, ಅಂದರೆ ಜುಬಿನ್ ಮೆಹ್ತಾ ಅವರ ತಂದೆ, ಎಂಬ ಮಾತೂ ಇದೆ.

ಕೌಫ್‌ಮನ್ ಹುಟ್ಟಿದ ಜೆಕ್ ನೆಲ ಎಂದರೆ ನಮಗೆ ಮೊದಲು ನೆನಪಾಗುವುದು ಜಾವಾ ಬೈಕು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ, ಅದರ ಗುಡುಗುಡು ಸದ್ದು ಊರೂರಿಗೆ ಪರಿಚಯವಾಯಿತು. ಜೆಕ್ ನೆಲದಿಂದ ಅದಕ್ಕೂ ಮೊದಲೇ ಬಂದು ನಮ್ಮ ಕಿವಿಯಲ್ಲಿ ಕೂತಿದ್ದ ಸದ್ದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ. ಕೌಫ್‌ಮನ್ ಹುಟ್ಟಿದ್ದು 1907ರಲ್ಲಿ, ಕಾರ್ಲ್ಸ್‌ಬಾಡ್ ಎಂಬ ಬಿಸಿನೀರ ಬುಗ್ಗೆಗಳ ಊರಿನಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿತ್ತು, ಆತನಿಗೆ ಹನ್ನೆರಡು ತುಂಬುವ ಹೊತ್ತಿಗೆ ಚೆಕೊಸ್ಲೊವಾಕಿಯಾದ ಪಾಲಾಗಿತ್ತು, ಈಗ ಕಾರ್ಲೊವಿ ವಾರಿ ಎಂಬ ಹೆಸರಿನಲ್ಲಿ ಜೆಕ್ ಗಣರಾಜ್ಯದಲ್ಲಿದೆ. ಮನೆಮಾತು ಜರ್ಮನ್, ಧರ್ಮ ಯೆಹೂದಿ. ಇಂಥವನನ್ನು ಯಾವ ದೇಶದವನೆನ್ನುವುದು? ಜೆಕ್ ಸಂಯೋಜಕರೆಂದರೆ ಡ್ವೊರಾಕ್, ಸ್ಮೆತಾನಾ, ಯನಾಚೆಕ್ ಎಂದು ಪಟ್ಟಿ ಮಾಡುವವರು ಇವನನ್ನು ಸೇರಿಸುವುದಿಲ್ಲ. ಜರ್ಮನರ ಪಟ್ಟಿಯಲ್ಲೂ ಇವನಿಲ್ಲ. ಇವನ ಉಳಿದ ಸಂಗೀತ ಎಷ್ಟೋ ವರ್ಷ ಕೇಳುವವರಿಲ್ಲದೆ ಬಿದ್ದಿದ್ದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅನುಮಾನ. ನಮ್ಮವನು ಎಂದು ಎತ್ತಿಕೊಳ್ಳುವ ದೇಶವಿಲ್ಲದಿದ್ದರೆ ಗ್ರಾಮಫೋನ್ ತಟ್ಟೆ ಅಚ್ಚು ಹಾಕಿಸುವವರು ಯಾರು?

ಬರ್ಲಿನ್‌ನಲ್ಲಿ ಫ್ರಾಂಜ್ ಶ್ರೆಕರ್ ಬಳಿ ಸಂಯೋಜನೆ ಕಲಿತ. ಹೆಸರಾಂತ ವಾದ್ಯವೃಂದ ನಿರ್ವಾಹಕ ಬ್ರೂನೊ ವಾಲ್ಟರ್‌ಗೆ ಸಹಾಯಕನಾಗಿದ್ದ. ಪ್ರಾಗ್‌ನ ಜರ್ಮನ್ ವಿಶ್ವವಿದ್ಯಾಲಯದಲ್ಲಿ ಸಂಯೋಜಕ ಮಾಲರ್ ಕುರಿತು ಪಿಎಚ್.ಡಿ. ಪ್ರಬಂಧವನ್ನೂ ಬರೆದ. ಮಾರ್ಗದರ್ಶಕ ಗುಸ್ತಾವ್ ಬೆಕಿಂಗ್ ನಾತ್ಸಿ ಯುವ ಸಂಘಟನೆಯ ನಾಯಕ ಎಂದು ತಿಳಿದಾಗ, ಆ ಕೈಯಿಂದ ಪದವಿ ಬೇಡವೆಂದು ಬಿಟ್ಟುಬಂದ. ಮದುವೆಯಾದದ್ದು ಕಾಫ್ಕಾನ ಸೋದರ ಸಂಬಂಧದ ಗೆರ್ಟಿ ಹರ್ಮನ್‌ಳನ್ನು. 1934ರಲ್ಲಿ ಮುಂಬೈಗೆ ಹಡಗಿನಲ್ಲಿ ಬಂದಿಳಿದ. ಭಾರತವೇ ಏಕೆ ಎಂದರೆ ವೀಸಾ ಸುಲಭವಾಗಿ ಸಿಕ್ಕಿತು ಎಂಬುದು ಅವನ ಉತ್ತರ. ಋಷಿಮುನಿಗಳ ನಾಡು ಕರೆಯಿತು ಎಂಬಂಥ ಕಥೆ ಕಟ್ಟದೆ ಇದ್ದುದನ್ನು ಇದ್ದಂತೆ ಹೇಳಿಕೊಂಡಿದ್ದಾನಲ್ಲ, ಅದು ನನಗೆ ಹಿಡಿಸಿತು.

ವೀಸಾದ ಜೊತೆಗೆ ಇನ್ನೊಂದು ಸೆಳೆತವೂ ಇತ್ತು. ಆತನಿಗೆ ಭಾರತೀಯ ಸಂಗೀತ ಮೊದಲ ಸಲ ಕಿವಿಗೆ ಬಿದ್ದದ್ದು ರೆಕಾರ್ಡಿನ ಮೂಲಕ. ತಲೆಬುಡ ತಿಳಿಯಲಿಲ್ಲ. ಇದೆಂಥ ಸಂಗೀತ ಎಂದು ಎದ್ದುಹೋಗದೆ, ಕೋಟಿಗಟ್ಟಲೆ ಜನ ಪ್ರೀತಿಯಿಂದ ಕೇಳುವ ಸಂಗೀತ ತನಗೆ ದಕ್ಕದಿದ್ದರೆ ಕೊರತೆ ತನ್ನ ಕಿವಿಯಲ್ಲೇ ಇರಬೇಕು, ಅದು ಹುಟ್ಟಿದ ನೆಲಕ್ಕೇ ಹೋಗಿ ಕಲಿಯಬೇಕು ಎಂದುಕೊಂಡ. ಮೂವತ್ತರ ದಶಕದ ಯುರೋಪಿಯನ್ನನ ಬಾಯಲ್ಲಿ ಇಂಥ ಮಾತು ಅಪರೂಪ. ಮುಂಬೈಗೆ ಬಂದ ವರ್ಷವೇ ಬಾಂಬೆ ಚೇಂಬರ್ ಮ್ಯೂಸಿಕ್ ಸೊಸೈಟಿ ಕಟ್ಟಿದ. ಮೆಹ್ಲಿ ಮೆಹ್ತಾ ಪಿಟೀಲು, ಇಟಲಿಯ ವೆರ್ಗಾ ಚೆಲ್ಲೊ, ಕೌಫ್‌ಮನ್ ಪಿಯಾನೊ; ಗುರುವಾರಗಳಂದು ವಿಲಿಂಗ್ಡನ್ ಜಿಮ್ಖಾನಾದಲ್ಲಿ ಕಛೇರಿ. 1937ರ ಮೇ ಹೊತ್ತಿಗೆ 136 ಕಛೇರಿಗಳಾಗಿದ್ದವು. ಅದೇ ವರ್ಷ ರೇಡಿಯೋದ ಮುಂಬೈ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗದ ಹೊಣೆ ಸಿಕ್ಕಿ, 1946ರಲ್ಲಿ ಭಾರತ ಬಿಡುವವರೆಗೂ ಅಲ್ಲಿದ್ದ. 'ಅನಸೂಯಾ' ಎಂಬ ರೇಡಿಯೋ ಆಪೆರಾ ಬರೆದ, ಸಿನಿಮಾಗಳಿಗೂ ಕೆಲಸ ಮಾಡಿದ.

ಇಲ್ಲಿ ನಮ್ಮ ನಾಡಿನ ಎಳೆಯೊಂದು ಬಂದು ಕೂಡಿಕೊಳ್ಳುತ್ತದೆ. ಕೌಫ್‌ಮನ್ ಮುಂಬೈಯಲ್ಲಿ ಕಛೇರಿ ನಡೆಸುತ್ತಿದ್ದ 1935ರಲ್ಲೇ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರುಮಾಡಿದರು. ಆ ನಿಲಯದ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. ನಿಲಯ 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಬಂತು. ಹೀಗೆ ಬೆಳಗಿನ ಆ ಹೊತ್ತಿನಲ್ಲಿ ಮೊಳಗುತ್ತಿದ್ದ ಹೆಸರು ಮೈಸೂರಿನ ಮೇಷ್ಟರದು, ರಾಗ ಕಾರ್ಲ್ಸ್‌ಬಾಡ್‌ನಿಂದ ಓಡಿಬಂದವನದು. ಅದನ್ನು ಆಕಾಶಕ್ಕೆ ಎಸೆಯುವ ಯಂತ್ರಗಳನ್ನು ಆಕಾಶವಾಣಿಗೆ ಮಾಡಿಕೊಟ್ಟವರಲ್ಲಿ ನಮ್ಮ ಜಾಲಹಳ್ಳಿಯ ಬಿಇಎಲ್ ಕೂಡ ಒಂದು. ಆ ಕಾರ್ಖಾನೆಯ ಸೈರನ್ನಿಗೂ ರೇಡಿಯೋದ ಪಿಟೀಲಿಗೂ ಗಡಿಯಾರ ಸರಿಮಾಡಿಕೊಂಡ ಮನೆಗಳು ಯಶವಂತಪುರದ ಆಸುಪಾಸಿನಲ್ಲಿ ಕಡಿಮೆಯಿರಲಾರವು.

ನಾವು ಇಷ್ಟೊಂದು ಸಲ ಕೇಳಿಸಿಕೊಂಡ ಕೌಫ್‌ಮನ್ನನ ಬೇರೆ ಸಂಗೀತ ಹೇಗಿದೆ ಎಂದು ಹುಡುಕಲು ಹೊರಟರೆ ಬಹುಕಾಲ ಕೈಗೆ ಏನೂ ಸಿಗುತ್ತಿರಲಿಲ್ಲ. ಅವೆನ್ಯೂ ರೋಡಿನ ಹಳೆಯ ಅಂಗಡಿಗಳಲ್ಲಿ ಎಲ್‌ಪಿ ತಟ್ಟೆಗಳ ರಾಶಿ ಕೆದಕುವ ಅಭ್ಯಾಸ ಇರುವವರಿಗೆ ಗೊತ್ತು: ಡ್ವೊರಾಕ್‌ನ 'ನ್ಯೂ ವರ್ಲ್ಡ್' ಸಿಂಫನಿ ಬೇಡವೆಂದರೂ ಸಿಗುತ್ತದೆ. ಕೌಫ್‌ಮನ್ ಎಂಬ ಹೆಸರನ್ನು ಹೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ. ಅವರದೇನೂ ತಪ್ಪಿಲ್ಲ, ಅಂಥ ತಟ್ಟೆಯೇ ಇರಲಿಲ್ಲ.

ಸಂಗೀತ ತಟ್ಟೆಯಾಗಿ ಉಳಿಯುವುದಕ್ಕೆ ಅದರ ಯೋಗ್ಯತೆ ಸಾಲದು, ಬೆನ್ನಿಗೆ ನಿಲ್ಲುವವರು ಬೇಕು. ಇದಕ್ಕೆ ಸಾಕ್ಷಿ ಹುಡುಕಿ ದೂರ ಹೋಗಬೇಕಿಲ್ಲ. ಮೇಖ್ರಿ ವೃತ್ತದ ಪಕ್ಕದ ಅರಮನೆ ಮೈದಾನದ ಯಜಮಾನರ ಕಥೆಯೇ ಇದೆ. ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೊಡ್ಡ ಸಂಗ್ರಾಹಕರು. ಸಾವಿರಾರು ತಟ್ಟೆಗಳ ಭಂಡಾರ ಅವರದು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್‌ನ ಕೃತಿಗಳು ತಟ್ಟೆಯಲ್ಲಿ ಸಿಗುತ್ತಿಲ್ಲವೆಂದು, ಮೆಟ್ನರ್ ಸೊಸೈಟಿ ಹುಟ್ಟಲು ಹಣ ಕೊಟ್ಟು, ಸ್ವತಃ ಆತನೇ ಕೂತು ನುಡಿಸಿದ್ದನ್ನು ಎಚ್‌ಎಂವಿ ಕಂಪನಿಯಿಂದ ಮುದ್ರಣ ಮಾಡಿಸಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಚರ್ಟೊವನ್ನು ಒಡೆಯರಿಗೇ ಅರ್ಪಿಸಿದ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಸಿದಾಗ ಹಣದ ಖಾತರಿ ನಿಂತಿದ್ದೂ ಇವರೇ. ಇವತ್ತು ಮೆಟ್ನರ್ ನುಡಿಸಿದ ಮೆಟ್ನರ್ ಕೇಳಸಿಗುವುದು ಮೈಸೂರಿನ ಹಣದಿಂದ. ಮುಂಬೈಯಲ್ಲಿ ಕೂತು ಕ್ವಾರ್ಟೆಟ್ ಮೇಲೆ ಕ್ವಾರ್ಟೆಟ್ ಬರೆಯುತ್ತಿದ್ದ ಕೌಫ್‌ಮನ್ನನಿಗೆ ಅಂಥ ಒಡೆಯರು ಸಿಗಲಿಲ್ಲ. ಸಿಕ್ಕಿದ್ದರೆ ಎಂದು ಊಹಿಸುವುದು ಸಂಗ್ರಾಹಕರ ಚಪಲ, ಅದನ್ನು ಬಿಡೋಣ.

ಭಾರತ ಬಿಟ್ಟ ಮೇಲೆ ಕೌಫ್‌ಮನ್ ಕೆನಡಾಕ್ಕೆ ಹೋಗಿ ವಿನಿಪೆಗ್ ಸಿಂಫನಿ ಆರ್ಕೆಸ್ಟ್ರಾದ ಮೊದಲ ನಿರ್ವಾಹಕನಾದ. 1957ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ ಸೇರಿದ. ಅಲ್ಲಿ ಕೂತು ಬರೆದ ಎರಡು ದಪ್ಪ ಪುಸ್ತಕಗಳು ನಮ್ಮ ಸಂಗೀತ ವಿದ್ವಾಂಸರಿಗೆ ಗೊತ್ತು: 1968ರಲ್ಲಿ ಉತ್ತರ ಭಾರತದ ರಾಗಗಳದ್ದು, 1976ರಲ್ಲಿ ದಕ್ಷಿಣ ಭಾರತದ ರಾಗಗಳದ್ದು. ಎರಡನೆಯದು 72 ಮೇಳಗಳನ್ನೂ ಅವುಗಳ ಜನ್ಯರಾಗಗಳನ್ನೂ ಆರೋಹಣ-ಅವರೋಹಣ ಸಮೇತ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಇಳಿಸಿದ ಕೋಶ. ಗಮಕವನ್ನು ಐದು ಗೆರೆಗಳಲ್ಲಿ ಹಿಡಿದಿಡಲು ಆಗದು ಎಂದು ತಕರಾರು ತೆಗೆಯಬಹುದು, ನಿಜ. ಆದರೂ ಶಿವರಂಜಿನಿಯ ಆ ಪಿಟೀಲು ಬರೀ ಅದೃಷ್ಟದ ಏಟಲ್ಲ ಎನ್ನುವುದಕ್ಕೆ ಈ ಪುಸ್ತಕಗಳಿಗಿಂತ ಬೇರೆ ಪುರಾವೆ ಬೇಡ. ಆತ 1984ರಲ್ಲಿ ತೀರಿಕೊಂಡ. ಹಸ್ತಪ್ರತಿಗಳು ಅದೇ ವಿಶ್ವವಿದ್ಯಾಲಯದ ಬ್ಲೂಮಿಂಗ್ಟನ್ ಗ್ರಂಥಾಲಯದ ಪೆಟ್ಟಿಗೆಗಳಲ್ಲಿ ಉಳಿದವು.

ಆ ಪೆಟ್ಟಿಗೆಗಳನ್ನು ತೆರೆಸಿದ್ದು ಟೊರಾಂಟೊದ ಎಆರ್‌ಸಿ ಎನ್‌ಸೆಂಬಲ್. ನಾತ್ಸಿಗಳ ಕಾಲದಲ್ಲಿ ದೇಶ ಬಿಟ್ಟ ಸಂಯೋಜಕರನ್ನು ಹುಡುಕಿ ನುಡಿಸುವುದೇ ಈ ತಂಡದ ಕಸುಬು. ಅವರ ಕೌಫ್‌ಮನ್ ಆಲ್ಬಮ್ 2020ರಲ್ಲಿ ಶಾಂಡೋಸ್ ಕಂಪನಿಯಿಂದ ಬಂತು. ಆತನೊಬ್ಬನ ಕೃತಿಗಳಿಗೇ ಮೀಸಲಾದ ಮೊದಲ ಆಲ್ಬಮ್. ಏಳನೆಯ ಮತ್ತು ಹನ್ನೊಂದನೆಯ ಸ್ಟ್ರಿಂಗ್ ಕ್ವಾರ್ಟೆಟ್‌ಗಳು, ಎರಡನೆಯ ಪಿಟೀಲು ಸೊನಾಟಾ, ಒಂದು ಸೊನಾಟಿನಾ, ಒಂದು ಸೆಪ್ಟೆಟ್ ಅದರಲ್ಲಿವೆ. ಆಮೇಲೆ ಜರ್ಮನಿಯ ಸಿಪಿಒ ಕಂಪನಿ ಬರ್ಲಿನ್ ರೇಡಿಯೋ ಆರ್ಕೆಸ್ಟ್ರಾ ನುಡಿಸಿದ ದೊಡ್ಡ ಕೃತಿಗಳನ್ನು ತಂದಿತು. ಮೂರನೆಯ ಪಿಯಾನೊ ಕಾನ್ಚರ್ಟೊ, 'ಇಂಡಿಯನ್ ಸಿಂಫನಿ' ಎಲ್ಲ ಅದರಲ್ಲಿ ಸಿಗುತ್ತವೆ. ಕೌಫ್‌ಮನ್ ಸಂಗ್ರಹಿಸಬೇಕೆನ್ನುವವರಿಗೆ ಇವೆರಡು ಮುಖ್ಯ ಆಧಾರ. ಡಿಸ್ಕ್ ತರಿಸುವ ಉಮೇದು ಇಲ್ಲದವರು ಮೊಬೈಲಿನಲ್ಲೇ ಕೇಳಬಹುದು. ಜೊತೆಗೆ ಓದಲು ಅಮೃತ್ ಗಂಗರ್ ಬರೆದ, 2013ರಲ್ಲಿ ಬಂದ ಪುಸ್ತಕವಿದೆ; ಕೌಫ್‌ಮನ್ನನ ಹನ್ನೆರಡು ಮುಂಬೈ ವರ್ಷಗಳ ಕಥೆ.

ಕೇಳುವುದಾದರೆ ಹನ್ನೊಂದನೆಯ ಕ್ವಾರ್ಟೆಟ್‌ನಿಂದ ಶುರುಮಾಡಿ. ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ. ಕೆಳಗಿನ ವಾದ್ಯ ಒಂದೇ ಸ್ವರಕ್ಕೆ ಅಂಟಿಕೊಂಡಾಗ ನಮ್ಮ ಕಿವಿ ಅದನ್ನು ಶ್ರುತಿ ಎಂದು ಒಪ್ಪಿಬಿಡುತ್ತದೆ, ಮೇಲಿನ ಪಿಟೀಲು ಐದೇ ಸ್ವರಗಳಲ್ಲಿ ಸುತ್ತುವಾಗ ರಾಗ ಯಾವುದೆಂದು ಹುಡುಕುತ್ತೇವೆ. ಹುಡುಕಿ ಮುಗಿಸುವಷ್ಟರಲ್ಲಿ ಕೌಫ್‌ಮನ್ ಬೇರೆಲ್ಲೋ ಹೋಗಿರುತ್ತಾನೆ. ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇದು ಮೊದಮೊದಲು ಅರ್ಧಕ್ಕೆ ಎದ್ದುಹೋದ ಆಲಾಪನೆಯಂತೆ ಕಾಡುತ್ತದೆ. ರಾಗದ ವಿಸ್ತಾರ ಬಯಸಿ ಕೂತರೆ ನಿರಾಸೆ ಖಂಡಿತ. ಅವನಿಗೆ ಬೇಕಾದದ್ದು ರಾಗವಲ್ಲ, ರಾಗದ ಚಲನೆ ಮತ್ತು ಅದರ ಲಯದ ಕುಣಿತ. ಪಾಶ್ಚಾತ್ಯ ಸಂಗೀತದೊಳಗೆ ಪೂರ್ವದ ಬಣ್ಣ ಬಳಿದ ಕೃತಿಗಳು ಬಹಳ ಇವೆ, ಹೆಚ್ಚಿನವು ಹಾವಾಡಿಗನ ಪುಂಗಿಯ ಮಟ್ಟದಲ್ಲೇ ನಿಲ್ಲುತ್ತವೆ. ಕೌಫ್‌ಮನ್ ಆ ಗುಂಪಿನವನಲ್ಲ. ಸೆಪ್ಟೆಟ್ ಇನ್ನೂ ಗಟ್ಟಿ. ಆರ್ಕೆಸ್ಟ್ರಾ ಕೃತಿಗಳು ನನ್ನ ಲೆಕ್ಕದಲ್ಲಿ ಒಂದು ಮೆಟ್ಟಿಲು ಕೆಳಗೆ. ಜನ ಹೆಚ್ಚಾದಷ್ಟೂ ಇವನ ದನಿ ತೆಳುವಾಗುತ್ತದೆ.

ರೆಕಾರ್ಡಿನಲ್ಲಿ ಕೇಳುವುದು ಒಂದು, ಎದುರಿಗೆ ಕೂತು ಕೇಳುವುದು ಇನ್ನೊಂದು. ಆರ್.ಟಿ. ನಗರದಲ್ಲಿ ಅರುಣಾ ಸುಂದರ್‌ಲಾಲ್ 1987ರಲ್ಲಿ ಕಟ್ಟಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇದೆ; ಪಾಶ್ಚಾತ್ಯ ಪಿಟೀಲು, ಪಿಯಾನೊ ಕಲಿಯುವ ಮಕ್ಕಳು ಉತ್ತರ ಬೆಂಗಳೂರಿನ ಬಡಾವಣೆಗಳಲ್ಲಿ ಈಗ ಹೇರಳ. ಸುಜುಕಿ ಕ್ರಮದಲ್ಲಿ ಪಿಟೀಲು ಕಲಿತವರು ಮೂರನೆಯ ಪುಸ್ತಕ ಮುಗಿಸುವಷ್ಟರಲ್ಲಿ ಡ್ವೊರಾಕ್‌ನ 'ಹ್ಯೂಮರೆಸ್ಕ್' ನುಡಿಸಿರುತ್ತಾರೆ. ಜೆಕ್ ನಾಡಿನ ಒಬ್ಬನನ್ನು ಕಲಿತವರಿಗೆ ಇನ್ನೊಬ್ಬನನ್ನು ಕಲಿಸಲು ತೊಂದರೆಯೇನೂ ಇಲ್ಲ. ಹಸ್ತಪ್ರತಿಗಳು ಎಲ್ಲಿವೆ ಎಂದು ಗೊತ್ತಿದೆ, ಕ್ವಾರ್ಟೆಟ್‌ಗೆ ಬೇಕಾದವರು ನಾಲ್ಕೇ ಜನ, ಸಭಾಂಗಣಗಳಿಗಂತೂ ಈ ಊರಿನಲ್ಲಿ ಬರವಿಲ್ಲ. ಹೆಬ್ಬಾಳದಿಂದ ಯಲಹಂಕದವರೆಗಿನ ಯಾವುದಾದರೂ ವೇದಿಕೆಯಲ್ಲಿ ಯಾರಾದರೂ ಒಮ್ಮೆ ಕೌಫ್‌ಮನ್ನನ ಒಂದು ಕ್ವಾರ್ಟೆಟ್ ನುಡಿಸಲಿ. ಆಹ್ವಾನ ಪತ್ರಿಕೆಯಲ್ಲಿ ಹೆಸರಿನ ಕೆಳಗೆ, ಇವನು ಆಕಾಶವಾಣಿಯ ಪಿಟೀಲಿನವನು ಎಂದು ಒಂದು ಸಾಲು ಹಾಕಿದರೆ ಕುರ್ಚಿಗಳು ತಾವಾಗಿ ತುಂಬುತ್ತವೆ.